ಭೈರಪ್ಪನ ತುತ್ತು

ನಾಯಿಯ ತೂಕ ಇಳಿಯಲಿಲ್ಲವೆಂದು ಕೆಲಸದ ರೋಜಾಳ ಮಧ್ಯಾಹ್ನದ ಊಟ ನಿಲ್ಲಿಸಿದರು.

ನಿಲ್ಲಿಸಿದ್ದು ಸುನೀತಾ. ಹೆಡತಲೆ ಊರಿನ ಆ ಮನೆಗೆ ಸೊಸೆಯಾಗಿ ಬಂದವರು. ಈಗ ಮನೆಯ ಯಜಮಾನಿಕೆ ಅವರದೇ. ಮನೆಯಲ್ಲಿ ಮೂರು ನಾಯಿಗಳು. ಕರಿಯ, ಚುಕ್ಕಿ ಊರ ನಾಯಿಗಳು; ಗದ್ದೆ ಬದು ಸುತ್ತಿ, ಹೆಗ್ಗಣ ಅಟ್ಟಿ, ಪಕ್ಕೆ ಎಣಿಸುವ ಹಾಗಿದ್ದವು. ಮೂರನೆಯದು ಬ್ರೂನೋ, ಮೈಸೂರಿನಿಂದ ತಂದ ಜಾತಿ ನಾಯಿ. ನಾಲ್ಕು ಹೆಜ್ಜೆಗೆ ಏದುಸಿರು, ಕೂತರೆ ಏಳಲು ಹಿಂಗಾಲು ಒಪ್ಪುವುದಿಲ್ಲ.

ನಂಜನಗೂಡಿನ ನಾಯಿ ಡಾಕ್ಟರು ನಂಜೇಶ್ ಮೊದಲ ಸಲವೇ ಹೇಳಿದ್ದರು: ಮೂರಕ್ಕೂ ಒಂದೇ ಕಡೆ ಹಾಕಬೇಡಿ, ಇದು ತನ್ನದು ಮುಗಿಸಿ ಅವುಗಳ ತಟ್ಟೆಗೂ ಬಾಯಿ ಹಾಕುತ್ತದೆ. ಬೇರೆ ತಟ್ಟೆ, ಬೇರೆ ಜಾಗ, ಮಧ್ಯೆ ಬಾಗಿಲು. ಅಳೆದು ಹಾಕಿ, ಸಂಜೆ ನಡೆಸಿ.

ಅಂದಿನಿಂದ ಬ್ರೂನೋನ ತಟ್ಟೆ ನಡುಮನೆಗೆ ಹೋಯಿತು. ಅನ್ನ, ಕುಂಬಳಕಾಯಿ, ಬೇಯಿಸಿದ ಕೋಳಿ ಅಳೆದು ಕಲಸುವವಳು ರೋಜಾ. ಹಿತ್ತಿಲ ಹೊಸ್ತಿಲ ಬಳಿ ತಂದಿಡುವವಳೂ ಅವಳೇ. ಅಲ್ಲಿಂದ ಒಳಕ್ಕೆ ಸುನೀತಾ ಒಯ್ಯುತ್ತಿದ್ದರು. ಬ್ರೂನೋ ಹೊಸ್ತಿಲು ದಾಟುತ್ತಿತ್ತು. ರೋಜಾ ದಾಟುತ್ತಿರಲಿಲ್ಲ. ಅವಳಿಗಿಂತ ಮೊದಲು ಅದೇ ಮನೆಗೆ ದುಡಿದ ಅವಳವ್ವ ಪುಟ್ಟಮಾದಮ್ಮನೂ ದಾಟಿರಲಿಲ್ಲ. ರೋಜಾ ಉಣ್ಣುತ್ತಿದ್ದದ್ದು ಕೊಟ್ಟಿಗೆಯ ಕಟ್ಟೆಯ ಮೇಲೆ. ಎದುರಿಗೆ ಮೂರೂ ನಾಯಿಗಳು ಬಂದು ಕೂರುತ್ತಿದ್ದವು.

"ನಾಯಿಗಳ ಜೊತೆ ಕೂತು ಉಂಡ್ರೆ ಇನ್ನೇನಾಗುತ್ತೆ? ಬ್ರೂನೋಗೆ ನೀನೇ ಹಾಕ್ತಿದೀಯ," ಎಂದರು ಸುನೀತಾ.

"ನಾಯ್ಗೊಳ್ ಜೊತ್ಗೆ ಕೂರ್ತೀನಿ ಅಂತ ನಾನೇನ್ ಕೇಳಿದ್ನಾ ಅಕ್ಕಾರೆ? ನೀವ್ ತೋರ್ಸಿದ್ ಜಾಗ ಅದು."

"ಬಾಯಿ ನೋಡು ಇವಳ್ದು! ನಾಳೆಯಿಂದ ಇಲ್ಲಿ ಊಟ ಇಲ್ಲ. ಮನೇಲೇ ಉಂಡ್ಕೊಂಡು ಬಾ."

ನಿಜಕ್ಕೂ ಬ್ರೂನೋಗೆ ಹಾಕುತ್ತಿದ್ದವಳು ಸುನೀತಾರ ಅತ್ತೆ ವೆಂಕಟಮ್ಮ. ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಕೂತರೆ ಅಡುಗೆಮನೆಯ ಕಿಟಕಿ ನೇರಕ್ಕೆ ಕಾಣುತ್ತದೆ; ರೋಜಾ ದಿನವೂ ನೋಡುತ್ತಿದ್ದಳು. ಮಗ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಾಗ ಮುದುಕಿ ಭೈರಪ್ಪನಿಗೆ ಹರಕೆ ಹೊತ್ತಿದ್ದಳು. ಸ್ವಾಮಿಯ ವಾಹನವಾದ ನಾಯಿಗೆ ಮೊದಲ ತುತ್ತು ಹಾಕದೆ ತಾನು ಉಣ್ಣುವುದಿಲ್ಲ ಎಂದು. ತುತ್ತೆಂದರೆ ಅರ್ಧ ಮುದ್ದೆ, ಬೆಣ್ಣೆ ಕಾಸಿದ ಪಾತ್ರೆಯ ತಳದಲ್ಲಿ ಉಳಿದ ಗಸಿ, ಮೇಲೊಂದು ಹಿಡಿ ಬೆಲ್ಲ. "ತಕೋ ನನ್ನಪ್ಪ, ಆ ಡಾಕ್ಟ್ರು ಬಾಯಿಗ್ ಮಣ್ಣಾಕ," ಎಂದು ಬಾಯಿಗಿಡುತ್ತಿದ್ದಳು. ಕರಿಯ, ಚುಕ್ಕಿಯೂ ನಾಯಿಗಳೇ. ಆದರೆ ಅವು ಹೊರಗಿನವು. ಭೈರಪ್ಪ ಅವುಗಳ ಮೇಲೆ ಕೂರುತ್ತಾನೆಂದು ಮುದುಕಿಗೆ ಅನ್ನಿಸಿರಲಿಲ್ಲ.

ಸಂಜೆ ಬ್ರೂನೋನನ್ನು ನಾಲೆ ಏರಿಯ ಮೇಲೆ ನಡೆಸುವುದೂ ರೋಜಾಳ ಪಾಲಿಗೇ ಬಂತು. ಅರ್ಧ ದಾರಿಗೆ ಅದು ಮಲಗಿಬಿಡುತ್ತಿತ್ತು. ಅವಳೂ ಪಕ್ಕದಲ್ಲಿ ಕೂರುತ್ತಿದ್ದಳು.

"ಏಳಪ್ಪ ರಾಜ. ನೀನು ಉಂಡು ಸುಸ್ತು, ನಾನು ಉಣ್ದೆ ಸುಸ್ತು. ಇಬ್ರಲ್ ಒಬ್ರಾದ್ರೂ ಎದ್ರೆ ಮನೆ ಸೇರ್ಬೋದು."

ತಿಂಗಳು ಕಳೆದು ಮತ್ತೆ ನಂಜನಗೂಡಿಗೆ ಹೋದರು. ನಾಯಿ ಹಿಡಿಯಲು ರೋಜಾಳನ್ನೂ ಕರೆದೊಯ್ದರು. ಬ್ರೂನೋನನ್ನು ತೂಕದ ಹಲಗೆಯ ಮೇಲೆ ನಿಲ್ಲಿಸಿ ಡಾಕ್ಟರು ಕನ್ನಡಕ ಸರಿ ಮಾಡಿಕೊಂಡರು.

"ಇಳಿಯೋದಿರ್ಲಿ, ಏರಿದೆಯಲ್ರೀ! ಮನೇಲಿ ಯಾರೋ ಹಾಕ್ತಿದಾರೆ. ಯಾರು ಅಂತ ಹೇಳಿ, ಅವರಿಗೆ ನಾನೇ ಬುದ್ಧಿ ಹೇಳ್ತೀನಿ. ಹೀಗೇ ಬಿಟ್ರೆ ಕಾಲು ಹೋಗುತ್ತೆ, ಆಮೇಲೆ ಎದೆಗೆ ಬರುತ್ತೆ."

ಅಷ್ಟರಲ್ಲಿ ಫೋನು ಬಂದು ಡಾಕ್ಟರು ಒಳಕ್ಕೆ ಹೋದರು. ಸುನೀತಾ ಹತ್ತಿರ ಸರಿದರು.

"ನೀನೇ ಹಾಕ್ದೆ ಅಂದ್ಬಿಡು."

"ನನ್ಗೆ ಊಟ ನಿಲ್ಸಿ ತಿಂಗ್ಳಾಯ್ತಲ್ಲ ಅಕ್ಕಾರೆ. ಎಲ್ಲಿಂದ ತಂದ್ ಆಕ್ಲಿ?"

"ಅತ್ತೆ ಅಂತ ನಂಗೂ ಗೊತ್ತು ಕಣೇ. ಮೊದಲಿಂದ್ಲೂ ಗೊತ್ತು. ಡಾಕ್ಟ್ರು ನಮ್ಮ ಕಡೆಯವರು, ಅತ್ತೆ ಹೆಸರು ಎತ್ತಿದ್ರೆ ನೆಂಟರಲ್ಲೆಲ್ಲ ನಗೆಪಾಟಲು. ನೀನು ಅಂದ್ರೆ ಯಾರೂ ಏನೂ ಅಂದ್ಕೊಳಲ್ಲ. ಅಂದಿಲ್ಲ ಅಂದ್ರೆ ನಾಳೆಯಿಂದ ಕೆಲಸಕ್ಕೂ ಬರಬೇಡ."

ರೋಜಾ ಸುನೀತಾರ ಮುಖ ನೋಡಿದಳು. ಅವರಿಗೆ ಮೊದಲಿಂದಲೂ ಗೊತ್ತಿತ್ತು.

ಡಾಕ್ಟರು ಹೊರಬಂದರು. ಸುನೀತಾ ನಕ್ಕರು. "ಇವಳೇ ಸರ್. ಅವಳ ಬಾಯಲ್ಲೇ ಕೇಳಿ."

"ಏನಮ್ಮಾ, ನೀನೇನಾ?"

"ನಾನಲ್ಲ ಸಾ."

"ಮತ್ತೆ ಯಾರು?"

"ಅದ್ನ ಅಕ್ಕಾರೇ ಏಳ್ಬೇಕು."

"ರೋಜಾ," ಎಂದರು ಸುನೀತಾ. ನಗು ಇನ್ನೂ ಮುಖದ ಮೇಲಿತ್ತು. "ಒಪ್ಕೊಂಡ್ಬಿಡು. ಡಾಕ್ಟ್ರು ಏನೂ ಬೈಯಲ್ಲ."

"ಒಪ್ಕಳಕಿಲ್ಲ."

ಬಾಗಿಲಾಚೆ ಬೆಂಚಿನ ಮೇಲೆ, ಬೆಕ್ಕಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಹೆಂಗಸೊಬ್ಬಳು ತಲೆಯೆತ್ತಿ ನೋಡಿದಳು.