ಫ್ಲೋರಿಕಾ ಕೇಳಿದ್ದು

ಬೆರಿಲ್ ಆರ್ಮ್‌ರಾಡ್ ಶಾಲೆಯ ಬಸ್ಸು ಓಡಿಸುವ ಹೆಂಗಸು. ಇಂಗ್ಲೆಂಡಿನ ಲ್ಯಾಂಕಶೈರಿನ ಆ ಗಿರಣಿ ಪಟ್ಟಣದಲ್ಲಿ ಇಪ್ಪತ್ತು ವರ್ಷಗಳಿಂದ ಅವಳ ಬೈಗುಳ ತಿನ್ನದೆ ಶಾಲೆ ಮುಗಿಸಿದ ಮಕ್ಕಳೇ ಇರಲಿಲ್ಲ. ಗಂಡ ತೀರಿಕೊಂಡಿದ್ದ, ಮಕ್ಕಳಾಗಿರಲಿಲ್ಲ. ರುಮೇನಿಯದಲ್ಲಿ ಸರ್ವಾಧಿಕಾರಿ ಬಿದ್ದ ಮೇಲೆ ಅಲ್ಲಿನ ಅನಾಥಾಲಯಗಳ ಚಿತ್ರಗಳು ಟೀವಿಯಲ್ಲಿ ಬರತೊಡಗಿದಾಗ ಊರಿನ ಚರ್ಚಿನವರು ಅಲ್ಲಿಗೆ ಕಳಿಸಲು ಒಂದು ಲಾರಿ ಸಾಮಾನು ತುಂಬಿಸಿದರು. ಓಡಿಸಲು ಜನ ಬೇಕಾಯಿತು. ಬೆರಿಲ್ ಹತ್ತಿರ ದೊಡ್ಡ ಗಾಡಿಯ ಲೈಸೆನ್ಸ್ ಇತ್ತು. ಈಸ್ಟರ್ ರಜೆಯೂ ಇತ್ತು. ಹೋದಳು.

ಅದು 1990ರ ಏಪ್ರಿಲ್. ಪರ್ವತಗಳಾಚೆ ಮೊಲ್ಡಾವಿಯಾ ಸೀಮೆಯ ಒಂದು ಸಣ್ಣ ಊರಿನ ಅನಾಥಾಲಯದಲ್ಲಿ ಅವಳು ಎರಡು ದಿನ ಇದ್ದಳು. ಕಿಟಕಿ ಪಕ್ಕದ ತೊಟ್ಟಿಲಮಂಚದಲ್ಲಿ ನಾಲ್ಕು ವರ್ಷದ ಒಂದು ಹುಡುಗಿ ಇತ್ತು. ಹೆಸರು ಫ್ಲೋರಿಕಾ, ಮಾತು ಬರುವುದಿಲ್ಲ ಎಂದರು. ಆದರೆ ಬೆರಿಲ್ ಬಗ್ಗಿ ನೋಡಿದಾಗ ಮಗು ಅವಳ ಸ್ವೆಟರನ್ನು ಹಿಡಿದುಕೊಂಡು "ವಿಝೆಟ್" ಅಂದಿತು. ಎತ್ತಿಕೊಂಡರೆ ಮತ್ತೆ "ವಿಝೆಟ್". ಎರಡು ದಿನವೂ ಆ ಒಂದೇ ಮಾತು. ಬಂದವರೆಲ್ಲ 'ವಿಸಿಟ್, ವಿಸಿಟ್' ಎಂದು ಮಾತಾಡಿಕೊಳ್ಳುವುದನ್ನು ಕೇಳಿ ಮಗು ಇಂಗ್ಲಿಷ್ ಮಾತು ಕಲಿತುಬಿಟ್ಟಿದೆ, ನನ್ನನ್ನು ನೋಡೋಕೆ ಮತ್ತೆ ಬಾ ಅನ್ನುತ್ತಿದೆ ಎಂದು ಬೆರಿಲ್ ತಿಳಿದಳು. ಹೊರಡುವಾಗ ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಊರಿಗೆ ಬಂದು ಈ ಕಥೆ ಹೇಳಿದಳು. ಸ್ಥಳೀಯ ಪತ್ರಿಕೆಯವರು ಮಗುವನ್ನು ಎತ್ತಿಕೊಂಡ ಅವಳ ಫೋಟೋ ಹಾಕಿ, ಕೆಳಗೆ ಆ ಒಂದು ಮಾತನ್ನು ದಪ್ಪ ಅಕ್ಷರದಲ್ಲಿ ಅಚ್ಚು ಮಾಡಿದರು. ಜನ ಕರಗಿಹೋದರು. ಚರ್ಚಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಸಾಮಾನು ಬಂದು ಬಿತ್ತು. ಹೊದಿಕೆ, ಬೂಟು, ಹಾಲಿನ ಪುಡಿ, ಸೋಪು, ಔಷಧಿ. ಜೊತೆಗೆ ಯಾರೋ ಪುಣ್ಯಾತ್ಗಿತ್ತಿ ಕೊಟ್ಟ ಜರಿ ಹೊಳೆಯುವ ಡ್ಯಾನ್ಸ್ ಗೌನು, ಆರು ಡಬ್ಬಿ ನಾಯಿ ಊಟ. ಹತ್ತು ತಿಂಗಳ ಮೇಲೆ, ಫೆಬ್ರವರಿಯಲ್ಲಿ, ಎರಡನೆಯ ಲಾರಿ ಹೊರಟಿತು.

ಈ ಸಲ ಜೊತೆಗೆ ಬಂದವನು ವಿಲ್ಫ್ ಎಂಟ್‌ವಿಸಲ್. ಅರವತ್ತೊಂದು ವರ್ಷ, ಕಲ್ಲಿದ್ದಲು ಲಾರಿ ಓಡಿಸಿ ನಿವೃತ್ತನಾದವನು. ಬೆಲ್ಜಿಯಂನಿಂದ ಆಸ್ಟ್ರಿಯಾದವರೆಗೂ ಇಬ್ಬರೂ ಜಗಳವಾಡುತ್ತಲೇ ಬಂದರು.

"ಗೇರ್ ಹಾಕೋದಾ ಇದು? ಗಂಟಲು ಹಿಸುಕಿದ ಹಾಗೆ ಅರಚ್ತಾ ಇದೆ ಗಾಡಿ," ಅನ್ನುತ್ತಿದ್ದ ವಿಲ್ಫ್.

"ನಿನ್ನ ಕಲ್ಲಿದ್ದಲು ಮೂಟೆಗಳು ದೂರು ಹೇಳ್ತಿರಲಿಲ್ಲ ಅಂತ ನೀನು ದೊಡ್ಡ ಡ್ರೈವರ್ ಆಗಿಬಿಟ್ಯಾ? ಸುಮ್ನೆ ಚಹಾ ಬಗ್ಗಿಸು," ಅನ್ನುತ್ತಿದ್ದಳು ಬೆರಿಲ್.

ನಾಲ್ಕನೆಯ ದಿನ ಹಂಗೆರಿಯಲ್ಲಿ, ಹೆದ್ದಾರಿ ಪಕ್ಕದ ಹೋಟೆಲೊಂದರಲ್ಲಿ ಮಧ್ಯಾಹ್ನದ ಊಟಕ್ಕೆ ನಿಂತರು. ಹೊರಗೆ ಹಿಮ ಬಿದ್ದು ಗಟ್ಟಿಯಾಗಿತ್ತು. ಗುಲಾಷ್ ಎಂಬ ಮಾಂಸದ ಸಾರು ಬಿಸಿಬಿಸಿಯಾಗಿತ್ತು. ಪಕ್ಕದ ಮೇಜಿನಲ್ಲಿ ಒಬ್ಬಳು ತಾಯಿ, ಒಂದು ಮಗು. ಖಾರ ಹತ್ತಿತೇನೋ, ಮಗು ಚಮಚದಿಂದ ಮೇಜು ಕುಟ್ಟುತ್ತ ಕೂಗಿತು: "ವಿಝೆಟ್! ವಿಝೆಟ್!"

ತಾಯಿ ಹೂಜಿಯೆತ್ತಿ ಲೋಟಕ್ಕೆ ನೀರು ಬಗ್ಗಿಸಿದಳು. ಮಗು ಗಟಗಟ ಕುಡಿಯಿತು.

ಬೆರಿಲ್ ಕೈಯಲ್ಲಿದ್ದ ಬ್ರೆಡ್ಡು ಕೈಯಲ್ಲೇ ಉಳಿಯಿತು.

"ಏನಾಯ್ತೇ?" ವಿಲ್ಫ್ ಕೇಳಿದ.

ಅವಳು ಎದ್ದು ಆ ಮೇಜಿಗೆ ಹೋಗಿ ಹೂಜಿಯನ್ನು ಬೆರಳಿಂದ ಮುಟ್ಟಿ, "ವಿಝೆಟ್?" ಎಂದಳು. ತಾಯಿ ನಕ್ಕು ತಲೆಯಾಡಿಸಿ, ಇವಳಿಗೂ ಬಾಯಾರಿಕೆಯಾಗಿದೆಯೆಂದು ಒಂದು ಲೋಟ ತುಂಬಿಸಿ ಕೊಟ್ಟಳು.

ಲಾರಿ ಹತ್ತಿ ಬೆರಿಲ್ ಗಾಡಿಯನ್ನು ಹೆದ್ದಾರಿಗೆ ತಂದಳು. ಆಮೇಲೆ ಹೇಳಿದಳು: "ಎರಡು ದಿನ, ವಿಲ್ಫ್. ಎರಡು ದಿನ ಅದು ನೀರು ಕೇಳಿದೆ. ನಾನು ಎತ್ತಿಕೊಂಡು ಮುದ್ದು ಮಾಡಿ, ಫೋಟೋ ತೆಗೆಸಿಕೊಂಡು ಬಂದೆ."

"ನಿಂಗೆ ಹೇಗೆ ಗೊತ್ತಾಗ್ಬೇಕಿತ್ತು? ಅಲ್ಲಿನ ಆಯಾಗಳಿಗೇ ಗೊತ್ತಾಗ್ಲಿಲ್ಲ."

"ಅದೇ ನಾನೂ ಹೇಳ್ತಿರೋದು. ಅವರು ರುಮೇನಿಯದವರು. ಹಂಗೆರಿ ಮಾತು ಆ ಊರಲ್ಲಿ ಒಬ್ಬರಿಗೂ ಬರಲ್ಲ. ಮಗು ಮೂಗಿ ಅಲ್ಲ ಕಣಯ್ಯ. ಅದರ ಮಾತು ಯಾರಿಗೂ ತಿಳಿದಿಲ್ಲ, ಅಷ್ಟೆ."

ರುಮೇನಿಯದ ಗಡಿಯಲ್ಲಿ ಒಂಬತ್ತು ತಾಸು ಕಾಯಿಸಿದರು. ಸಾಮಾನೆಲ್ಲ ಆ ಒಂದು ಅನಾಥಾಲಯದ ಹೆಸರಿಗೇ ಇದೆ, ಬೇರೆಲ್ಲೂ ಇಳಿಸಕೂಡದು ಎಂದು ಕಾಗದಕ್ಕೆ ಮೊಹರು ಹೊಡೆದರು. ಆಮೇಲೆ ಎರಡು ದಿನ ಪರ್ವತದ ದಾರಿ, ಚಕ್ರಕ್ಕೆ ಸರಪಳಿ ಕಟ್ಟಿಕೊಂಡು ಇಂಚಿಂಚೇ ಸಾಗಿದ್ದು. ಮಗುವನ್ನು ಕಂಡ ಕೂಡಲೇ ಏನು ಮಾಡಬೇಕು, ಯಾರಿಗೆ ಹೇಳಬೇಕು ಎಂಬುದನ್ನೇ ಬೆರಿಲ್ ಮನಸ್ಸಿನಲ್ಲಿ ತಿರುವಿಹಾಕುತ್ತಿದ್ದಳು.

ಕಿಟಕಿ ಪಕ್ಕದ ಆ ಮಂಚದಲ್ಲಿ ಬೇರೆ ಮಗು ಮಲಗಿತ್ತು.

ಅನಾಥಾಲಯದ ಮುಖ್ಯಸ್ಥೆ ಶ್ರೀಮತಿ ಔರಿಕಾ, ಐವತ್ತು ದಾಟಿದ, ಬೆನ್ನು ನೆಟ್ಟಗಿಟ್ಟುಕೊಂಡು ನಡೆಯುವ ಹೆಂಗಸು. ಒಳಗೂ ಓವರ್‌ಕೋಟು ತೊಟ್ಟೇ ಇದ್ದಳು. ಇದ್ದಲು ಇನ್ನು ಹತ್ತೇ ದಿನಕ್ಕಾಗುವಷ್ಟಿತ್ತು. ಊರಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಲವಿನಿಯಾ ಎಂಬ ತರುಣಿ ಅವಳ ಮಾತನ್ನು ತಿಳಿಸಿ ಹೇಳಿದಳು.

"ಅಕ್ಟೋಬರಿನಲ್ಲಿ ಡಾಕ್ಟರುಗಳ ಸಮಿತಿ ಬಂದಿತ್ತು. ಮಕ್ಕಳನ್ನ ಪರೀಕ್ಷೆ ಮಾಡಿ ವಿಂಗಡಿಸ್ತಾರೆ. ಹೆಸರೇನು, ಇದು ಯಾವ ಬಣ್ಣ, ಅಂತ ಕೇಳಿದರು. ಫ್ಲೋರಿಕಾ ಉತ್ತರ ಕೊಡಲಿಲ್ಲ. 'ಸುಧಾರಿಸುವುದಿಲ್ಲ' ಅಂತ ಬರೆದರು. ಅಂಥ ಮಕ್ಕಳನ್ನ ಬೆಟ್ಟದ ಮೇಲಿನ ಆಸ್ಪತ್ರೆಮನೆಗೆ ಕಳಿಸ್ತಾರೆ."

"ಅವಳನ್ನ ಕೇಳಿದ್ದು ಯಾವ ಭಾಷೇಲಿ?" ಬೆರಿಲ್ ಕೇಳಿದಳು.

"ಯಾವ ಭಾಷೇಲಿ ಅಂದ್ರೆ? ನಮ್ಮ ಭಾಷೇಲಿ."

ಬೆರಿಲ್ ಹೋಟೆಲಿನಲ್ಲಿ ಕಂಡದ್ದನ್ನು ಹೇಳಿದಳು. ಲವಿನಿಯಾ ಅದನ್ನು ಅನುವಾದಿಸುತ್ತ ಅನುವಾದಿಸುತ್ತ ದನಿ ತಗ್ಗಿಸಿದಳು. ಔರಿಕಾ ಕಪಾಟಿನಿಂದ ಕಡತ ತೆಗೆದು ನೋಡಿದಳು. ಒಂದೇ ಹಾಳೆ. 1989ರ ಅಕ್ಟೋಬರಿನಲ್ಲಿ ರೈಲು ನಿಲ್ದಾಣದಲ್ಲಿ ಸಿಕ್ಕ ಮಗು, ಪೊಲೀಸರು ತಂದು ಬಿಟ್ಟದ್ದು, ಹೆಸರು ಇಲ್ಲೇ ಇಟ್ಟದ್ದು.

"ನಾವು ಆ ಬೆಟ್ಟಕ್ಕೆ ಹೋಗ್ಬೇಕು, ಈಗಲೇ," ಎಂದಳು ಬೆರಿಲ್. "ಅರ್ಧ ಸಾಮಾನು ಅಲ್ಲಿ ಇಳಿಸ್ತೀನಿ."

ಔರಿಕಾ ಕಡತ ಮುಚ್ಚಿದಳು. "ಸಾಮಾನು ಈ ಮನೆ ಹೆಸರಿಗೆ ಬಂದಿದೆ. ನನ್ನ ಹತ್ತಿರ ನೂರಾ ಮೂವತ್ತು ಮಕ್ಕಳಿದ್ದಾರೆ. ಯಾವ ಮಗುವಿನ ಹೊದಿಕೆ ಕಿತ್ತು ಅಲ್ಲಿಗೆ ಕಳಿಸಲಿ, ನೀವೇ ತೋರಿಸಿ."

"ಹಾಗಿದ್ರೆ ಲಾರಿ ಬಾಗಿಲು ತೆಗೆಯೋದೇ ಇಲ್ಲ. ಬೀಗದ ಕೈ ನನ್ನ ಜೇಬಲ್ಲಿದೆ."

ಲವಿನಿಯಾ ಇದನ್ನು ಅನುವಾದಿಸಲಿಲ್ಲ. ಅನುವಾದಿಸುವ ಅಗತ್ಯವೂ ಇರಲಿಲ್ಲ. ಔರಿಕಾಳ ಮುಖ ಕೆಂಪಾಯಿತು. ವಿಲ್ಫ್ ಬೆರಿಲಳ ತೋಳು ಹಿಡಿದು ಪಡಸಾಲೆಗೆ ಎಳೆದುಕೊಂಡು ಹೋದ.

"ಬುದ್ಧಿ ನೆಟ್ಟಗಿದೆಯೇನೇ? ಚಳೀಲಿ ನಡುಗ್ತಿರೋ ಮಕ್ಕಳನ್ನ ಒತ್ತೆ ಇಟ್ಕೊಂಡು ಚೌಕಾಸಿ ಮಾಡ್ತೀಯಾ? ಇದಕ್ಕಾ ಊರಿನವರು ಹೊದಿಕೆ ಕೊಟ್ಟಿದ್ದು?"

"ಊರಿನವರು ಅವಳ ಮುಖ ನೋಡಿ ಕೊಟ್ಟಿದ್ದು!"

"ಅವಳ ಮುಖ ನೋಡಿ ಕೊಟ್ರು. ಅವಳೊಬ್ಬಳಿಗೇ ಅಂತ ಕೊಡಲಿಲ್ಲ. ಮೊದಲು ಗಾಡಿ ಖಾಲಿ ಮಾಡು. ಆಮೇಲೆ ಬೆಟ್ಟಕ್ಕೆ ನಡ್ಕೊಂಡಾದ್ರೂ ಹೋಗೋಣ, ನಾನೂ ಬರ್ತೀನಿ."

ಬೆರಿಲ್ ಗೋಡೆಗೆ ಒರಗಿ ನಿಂತಳು. ತೆರೆದ ಬಾಗಿಲಿನಾಚೆ ಸಾಲು ಮಂಚಗಳು. ಒಂದೊಂದರಲ್ಲಿ ಇಬ್ಬಿಬ್ಬರು ಮಕ್ಕಳು ಕಾವಿಗಾಗಿ ಅಂಟಿಕೊಂಡು ಮಲಗಿದ್ದರು. ತಾನು ಆಡಿದ ಮಾತು ಅವಳಿಗೇ ಅಸಹ್ಯವಾಯಿತು. ಬೀಗದ ಕೈ ತೆಗೆದು ವಿಲ್ಫ್ ಕೈಗೆ ಕೊಟ್ಟಳು.

ಇಳಿಸಲು ಮೂರು ತಾಸು ಹಿಡಿಯಿತು. ಆಯಾಗಳು, ಅಡುಗೆಯವಳು, ಲವಿನಿಯಾ ಎಲ್ಲರೂ ಸಾಲಾಗಿ ನಿಂತು ಪೆಟ್ಟಿಗೆಗಳನ್ನು ಕೈಯಿಂದ ಕೈಗೆ ದಾಟಿಸಿದರು. ಔರಿಕಾ ಬಾಗಿಲಲ್ಲಿ ನಿಂತು ಒಂದೊಂದನ್ನೂ ಎಲ್ಲಿಡಬೇಕೆಂದು ಹೇಳುತ್ತಿದ್ದಳು. ಮೂರರಲ್ಲಿ ಎರಡು ಪಾಲು ಇಳಿದಿತ್ತು. ಆಗ ಅವಳು ಕೈಯೆತ್ತಿ "ಸಾಕು" ಅಂದಳು.

ಯಾರಿಗೂ ಅರ್ಥವಾಗಲಿಲ್ಲ.

"ಉಳಿದದ್ದು ಗಾಡಿಯಲ್ಲೇ ಇರಲಿ," ಎಂದಳು ಔರಿಕಾ. "ಎಲ್ಲ ನನಗೇ ತಲುಪಿದೆ ಅಂತ ಕಾಗದಕ್ಕೆ ಸಹಿ ಹಾಕ್ತೀನಿ. ನಾಳೆ ಬೆಳಿಗ್ಗೆ ಹೊರಡೋಣ, ಲವಿನಿಯಾನೂ ಬರಲಿ. ನಾನೂ ಬರ್ತೀನಿ." ಆಮೇಲೆ ಬೆರಿಲಳ ಕಡೆ ನೋಡದೆ, ಕೋಟಿನ ಗುಂಡಿ ತಿರುವುತ್ತ ಹೇಳಿದಳು: "ಸಮಿತಿ ಬಂದ ದಿನ ನಾನೂ ಆ ಕೋಣೆಯಲ್ಲೇ ಇದ್ದೆ. ಉತ್ತರ ಕೊಡಲಿಲ್ಲ ಅಂತ ನಿಮಗೆ ಹೇಳಿದೆ. ಅದು ನಿಜ ಅಲ್ಲ. ಅವಳು ಏನೋ ಹೇಳಿದಳು, ಉದ್ದವಾಗಿ. 'ಇದು ಮಾತಲ್ಲ, ಬರೀ ಶಬ್ದ, ಅಲ್ಲವಾ?' ಅಂತ ಡಾಕ್ಟರು ನನ್ನ ಕೇಳಿದರು. ಹೌದು ಅಂದೆ. ಊಟದ ಹೊತ್ತಾಗಿತ್ತು, ಇನ್ನೂ ಇಪ್ಪತ್ತು ಮಕ್ಕಳ ಪರೀಕ್ಷೆ ಬಾಕಿ ಇತ್ತು."

ಬೆಟ್ಟದ ಆಸ್ಪತ್ರೆಮನೆ ಹಳೆಯ ಜಮೀನ್ದಾರನೊಬ್ಬನ ಬಂಗಲೆ. ಮಗ್ಗುಲಲ್ಲೇ ಮರ ಕೊಯ್ಯುವ ಮಿಲ್ಲು. ಒಳಗಿನ ವಾಸನೆಗೆ ವಿಲ್ಫ್ ಹೊಸಿಲಲ್ಲೇ ನಿಂತುಬಿಟ್ಟ. ಉದ್ದನೆಯ ಕೋಣೆಯಲ್ಲಿ ಮೂವತ್ತೆಂಟು ಮಕ್ಕಳಿದ್ದರು, ಎಲ್ಲರ ತಲೆಯೂ ಬೋಳು, ಎಲ್ಲರಿಗೂ ಒಂದೇ ಬೂದು ಅಂಗಿ. ಕೆಲವರು ಕೂತಲ್ಲೇ ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದರು. ಇಷ್ಟು ದೂರ ಒಂದು ಮುಖವನ್ನು ಹುಡುಕಿಕೊಂಡು ಬಂದ ಬೆರಿಲ್ ಸೀದಾ ಹೋಗಿ ಒಂದು ಮಗುವಿನ ಮುಂದೆ ಮಂಡಿಯೂರಿ "ಫ್ಲೋರಿಕಾ" ಎಂದಳು.

"ಅದು ಅಲ್ಲ," ಎಂದಳು ಹಿಂದಿನಿಂದ ಔರಿಕಾ. "ಅಲ್ಲಿದ್ದಾಳೆ, ಒಲೆ ಹತ್ತಿರ."

ಒಲೆ ಹತ್ತಿರದ ಮಗು ಬೆರಿಲಳನ್ನು ಗುರುತಿಸಲಿಲ್ಲ. ಕಣ್ಣು ಎತ್ತಲೋ ಇತ್ತು. ಬೆರಿಲ್ ಚೀಲದಿಂದ ನೀರಿನ ಬಾಟಲಿ ತೆಗೆದು, "ವಿಝೆಟ್?" ಎಂದಳು.

ಕಣ್ಣು ಇತ್ತ ತಿರುಗಿತು. ಮಗು ಬಾಟಲಿ ಹಿಡಿದು ಅರ್ಧ ಕುಡಿಯಿತು. ಕುಡಿದು ಉಸಿರು ಬಿಟ್ಟು, ಒಂದು ಪೂರ್ತಿ ವಾಕ್ಯ ಹೇಳಿತು, ಇನ್ನೊಂದು ಹೇಳಿತು, ಕೊನೆಗೆ ಪ್ರಶ್ನೆ ಕೇಳಿದ ಹಾಗೆ ದನಿ ಏರಿಸಿ ಸುಮ್ಮನಾಯಿತು. ಕೋಣೆಯಲ್ಲಿದ್ದ ಯಾರಿಗೂ ಒಂದಕ್ಷರ ತಿಳಿಯಲಿಲ್ಲ.

ಅಲ್ಲಿನ ಡಾಕ್ಟರು ವಯಸ್ಸಾದವರು, ದಣಿದ ಮನುಷ್ಯ. ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಆಯಾಳಿಗೆ, "ಮಿಲ್ಲಿಗೆ ಓಡು. ದೇನೆಶನನ್ನ ಕರ್ಕೊಂಡು ಬಾ," ಎಂದರು.

ದೇನೆಶ್ ರುಮೇನಿಯದೊಳಗೇ ಪರ್ವತದಾಚೆ ಇರುವ ಹಂಗೆರಿ ಮಾತಿನ ಸೀಮೆಯಿಂದ ಕೂಲಿಗೆ ಬಂದವನು. ಮೈಮೇಲೆಲ್ಲ ಮರದ ಪುಡಿ. ಟೋಪಿ ತೆಗೆದು ಕೈಯಲ್ಲಿ ಹಿಡಿದು, ಮಗುವಿನ ಎದುರು ಕುಕ್ಕರಗಾಲಲ್ಲಿ ಕೂತು ಮೆಲ್ಲನೆ ಏನೋ ಕೇಳಿದ. ಮಗು ಅವನ ಮೀಸೆಯನ್ನೇ ನೋಡಿತು. ಆಮೇಲೆ ಮಾತಾಡತೊಡಗಿತು, ತಡವರಿಸುತ್ತ, ನಡುವೆ ಮಾತು ಹುಡುಕುತ್ತ, ನಿಲ್ಲಿಸದೆ. ದೇನೆಶನ ಮುಖ ಬಿಗಿದುಕೊಂಡಿತು.

"ಇವಳ ಹೆಸರು ಪಿರೋಷ್ಕಾ," ಎಂದು ಅವನು ರುಮೇನಿಯದ ಮಾತಿನಲ್ಲಿ ಹೇಳಿದ. "ಅಜ್ಜಿ ಟಿಕೆಟ್ ತರೋಕೆ ಹೋದಳಂತೆ. ರೈಲು ಬಂತಂತೆ, ಇವಳು ಹತ್ತಿ ಕೂತಳಂತೆ. ಅಜ್ಜಿ ಇನ್ನೂ ಟಿಕೆಟ್ ತರ್ತಾ ಇದ್ದಾಳಾ ಅಂತ ಕೇಳ್ತಾ ಇದ್ದಾಳೆ. ನಾನು ಏನು ಹೇಳ್ಲಿ ಡಾಕ್ಟ್ರೇ?"

ಔರಿಕಾ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟಳು.

ದೇನೆಶ್ ಮಿಲ್ಲಿಗೆ ವಾಪಸು ಹೋಗಬೇಕಿತ್ತು. ಹೋಗಲಿಲ್ಲ. ಎದ್ದು ಪಕ್ಕದ ಮಂಚಕ್ಕೆ ಹೋಗಿ, ಅಲ್ಲಿದ್ದ ಮಗುವಿನ ಮುಂದೆಯೂ ಹಾಗೇ ಕೂತು ಹೆಸರು ಕೇಳಿದ, ಮೊದಲು ತನ್ನ ಮಾತಿನಲ್ಲಿ, ಆಮೇಲೆ ರುಮೇನಿಯದ ಮಾತಿನಲ್ಲಿ. ಉತ್ತರವಿಲ್ಲ. ತಲೆ ಸವರಿ ಮುಂದಿನ ಮಂಚಕ್ಕೆ ಹೋದ. ನಾಲ್ಕನೆಯ ಮಂಚದ ಹುಡುಗಿ, ಹತ್ತು ವರ್ಷವಿರಬಹುದು, ಸ್ಪಷ್ಟವಾದ ರುಮೇನಿಯದ ಮಾತಿನಲ್ಲಿ "ಮರ್ಯೋರಾ" ಎಂದಳು.

ಆಯಾ ಕೈಯಲ್ಲಿದ್ದ ಬಕೆಟ್ಟು ಕೆಳಗಿಟ್ಟಳು. "ಅವಳಿಗೆ ಮಾತು ಬರಲ್ಲ. ಆರು ವರ್ಷದಿಂದ ನೋಡ್ತಿದೀನಿ."

"ಕೇಳಿದ್ಯಾ ಯಾವತ್ತಾದ್ರೂ?" ಎಂದ ದೇನೆಶ್.

ಅವನು ಒಂದು ಮಂಚವನ್ನೂ ಬಿಡಲಿಲ್ಲ. ಕೊನೆಯ ಮಂಚ ಮುಗಿಯುವ ಹೊತ್ತಿಗೆ ಮಾತು ಬಾರದವರೆಂದು ಬರೆದಿಟ್ಟ ಮಕ್ಕಳಲ್ಲಿ ಹನ್ನೊಂದು ಮಂದಿ ತಮ್ಮ ಹೆಸರು ಹೇಳಿದ್ದರು. ಡಾಕ್ಟರು ಹೊರಗೆ ಹೋಗಿ ಮೆಟ್ಟಿಲ ಮೇಲೆ, ಹಿಮದಲ್ಲೇ ಕೂತರು. ವಿಲ್ಫ್ ಹೋಗಿ ಅವರ ಪಕ್ಕ ಕೂತ. ಇವನ ಮಾತು ಅವರಿಗೆ ಬಾರದು, ಅವರದು ಇವನಿಗೆ. ಒಂದು ಸಿಗರೇಟು ಹಚ್ಚಿ ಅವರ ಕೈಗಿಟ್ಟ.

ಮಗುವನ್ನು ಆ ದಿನ ಕರೆದೊಯ್ಯುವ ಹಾಗಿರಲಿಲ್ಲ. ಸಮಿತಿ ಬರೆದದ್ದನ್ನು ಸಮಿತಿಯೇ ಅಳಿಸಬೇಕು. ಬೆರಿಲ್ ಹೊದಿಕೆಗಳನ್ನು ಇಳಿಸಿದಳು, ಒಂದೊಂದು ಮಂಚಕ್ಕೂ ತಾನೇ ಹೊದಿಸಿದಳು. ಹೊರಡುವಾಗ ಪಿರೋಷ್ಕಾ ಇವಳ ಕಡೆ ತಿರುಗಿಯೂ ನೋಡಲಿಲ್ಲ. ದೇನೆಶನ ತೊಡೆಯ ಮೇಲೆ ಕೂತು ಮಾತಾಡುತ್ತಲೇ ಇದ್ದಳು. ಔರಿಕಾ ಲಾರಿ ಹತ್ತಲಿಲ್ಲ. "ಹನ್ನೊಂದು ಅರ್ಜಿ ಬರೀಬೇಕು. ಬಸ್ಸಿಗೆ ಬರ್ತೀನಿ," ಎಂದು ಲವಿನಿಯಾಳ ಬಾಯಲ್ಲಿ ಹೇಳಿಸಿದಳು. ಬೆರಿಲ್ ಅವಳ ಕೈ ಹಿಡಿದು, ನಿನ್ನೆ ಆಡಿದ ಮಾತಿಗೆ ಕ್ಷಮೆ ಕೇಳಿದಳು. ಔರಿಕಾ ಕೈ ಬಿಡಿಸಿಕೊಳ್ಳಲಿಲ್ಲ.

ಜೂನಿನಲ್ಲಿ ಲವಿನಿಯಾಳ ಪತ್ರ ಬಂತು. ಬೆರಿಲ್ ಅದನ್ನು ಶಾಲೆಯ ಗೇಟಿನ ಬಳಿ ನಿಲ್ಲಿಸಿದ್ದ ಖಾಲಿ ಬಸ್ಸಿನಲ್ಲಿ ಕೂತು ಓದಿದಳು. ಪಿರೋಷ್ಕಾಳನ್ನು ಪರ್ವತದಾಚೆ, ಅವಳ ಮಾತನ್ನೇ ಆಡುವ ಜನರಿರುವ ಊರಿನ ಮಕ್ಕಳ ಮನೆಗೆ ಕಳಿಸಿದ್ದಾರೆ. ಈಗ ಅವಳ ಬಾಯಿ ಮುಚ್ಚಿಸುವುದೇ ಕಷ್ಟವಂತೆ. ಅಜ್ಜಿ ಆ ರೈಲು ದಾರಿಯ ಒಂದೊಂದು ಊರಿನಲ್ಲೂ ಪಿರೋಷ್ಕಾ ಎಂಬ ಮಗು ಇದೆಯೇ ಎಂದು ಕೇಳಿಕೊಂಡು ಅಲೆದಿದ್ದಳಂತೆ. ಔರಿಕಾಳ ಊರಿಗೂ ಎರಡು ಸಲ ಬಂದು, ಆ ಹೆಸರಿನ ಮಗು ಇಲ್ಲ ಎನ್ನಿಸಿಕೊಂಡು ಹಿಂದಿರುಗಿದ್ದಳಂತೆ. ಕಳೆದ ನವೆಂಬರಿನಲ್ಲಿ ತೀರಿಕೊಂಡಳು. ಉಳಿದ ಹತ್ತರಲ್ಲಿ ಎಂಟು ಮಕ್ಕಳನ್ನು ಸಮಿತಿ ಮತ್ತೆ ಪರೀಕ್ಷಿಸಿ ಕೆಳಗೆ ಔರಿಕಾಳ ಅನಾಥಾಲಯಕ್ಕೆ ಕಳಿಸಿತು. ಇಬ್ಬರು ಸಮಿತಿ ಬರುವವರೆಗೆ ಬದುಕಿ ಉಳಿಯಲಿಲ್ಲ. ಅವರ ಹೆಸರುಗಳನ್ನು ಲವಿನಿಯಾ ಪತ್ರದ ಕೊನೆಗೆ, ಬೇರೆ ಸಾಲಿನಲ್ಲಿ, ಬಿಡಿಬಿಡಿಯಾಗಿ ಬರೆದಿದ್ದಳು. ಬೆರಿಲ್ ಅವನ್ನು ಬಾಯಿಬಿಟ್ಟು ಓದಿದಳು. ಉಚ್ಚಾರ ಸರಿಯಾಯಿತೋ ಇಲ್ಲವೋ ಅನಿಸಿ, ಇನ್ನೊಮ್ಮೆ ಓದಿದಳು.