ಮೊದಲ ಮಳೆಯ ಕೊಳೆ

ಸುಣ್ಣ ಬಳಿದ ಅಂಗಳಕ್ಕೆ ಚಪ್ಪಲಿ ಮೆಟ್ಟಿ ಬಂದವರನ್ನು ನಾನು ಸುಮ್ಮನೆ ಬಿಟ್ಟವಳಲ್ಲ. ನಮ್ಮ ಜೆರ್ಬಾ ದ್ವೀಪದಲ್ಲಿ ಕುಡಿಯುವ ನೀರೆಂದರೆ ನಮಗೆ ಮಳೆಯ ನೀರು. ಅಂಗಳದ ಮೇಲೆ ಬಿದ್ದದ್ದು ನೆಲದೊಳಗಿನ ತೊಟ್ಟಿಗೆ ಇಳಿಯುತ್ತದೆ, ವರ್ಷವಿಡೀ ಅದನ್ನೇ ಸೇದಿ ಕುಡಿಯುತ್ತೇವೆ. ನಲ್ಲಿಯ ನೀರು ಉಪ್ಪು, ಬಟ್ಟೆ ಒಗೆಯೋದಕ್ಕೆ ಸರಿ. ಬೀದಿಯ ಹೆಂಗಸರು ಬೆನ್ನ ಹಿಂದೆ ನನ್ನನ್ನು ಅಂಗಳದ ಪೊಲೀಸು ಅನ್ನುತ್ತಾರಂತೆ. ಅನ್ನಲಿ.

ಅಂಥ ನನ್ನ ಅಂಗಳದಲ್ಲೇ, ಅಕ್ಟೋಬರಿನ ಒಂದು ಮಧ್ಯಾಹ್ನ ನನಗೆ ಜೊಂಪು ಹತ್ತಿದ್ದಾಗ, ಮೈದುನ ಸಾಸಿ ಮೊಪೆಡ್ಡಿನ ಹಳೇ ಎಣ್ಣೆ ಇಳಿಸಿದ. ಇಳಿಸಿದ್ದು ಸಾಲದೆಂದು ಬೋಗುಣಿಯನ್ನು ಎಡವಿ ಚೆಲ್ಲಿದ. ಎದ್ದು ಬಂದು ನೋಡಿದರೆ ಬೆಳ್ಳಗಿನ ಸುಣ್ಣದ ಮೇಲೆ ಚಾಪೆಯಗಲ ಕರಿ. ಬೂದಿ ಹಾಕಿ ತಿಕ್ಕಿದೆವು, ಮರಳು ಹಾಕಿ ತಿಕ್ಕಿದೆವು. ಕರಿ ತೆಳುವಾಯಿತು, ಇನ್ನಷ್ಟು ಅಗಲವಾಯಿತು. ಸಾಸಿ ತಿಕ್ಕುವುದನ್ನು ಬಿಡಲಿಲ್ಲ. ಬಿಟ್ಟಿದ್ದರೆ ಬೋಗುಣಿ ಅವನ ತಲೆಯ ಮೇಲಿರುತ್ತಿತ್ತು.

ಅಷ್ಟರಲ್ಲಿ ಕಡಲ ಕಡೆ ಮೋಡ ಕಟ್ಟಿತು. ಏಳು ತಿಂಗಳು ಕಾದ ಮಳೆ.

ಋತುವಿನ ಮೊದಲ ಮಳೆಗೆ ನಾವೆಲ್ಲ ಮಾಡುವುದು ಒಂದೇ. ತೊಟ್ಟಿಯ ಬಾಯಿಗೆ ಹಳೇ ಕಂಬಳಿಯ ಚೂರು ತುರುಕಿ, ಬೀದಿಯ ಕಡೆಯ ತೂತು ತೆರೆದು, ಅಂಗಳದ ಕೊಳೆಯನ್ನೆಲ್ಲ ಹೊರಗೆ ಬಿಡುತ್ತೇವೆ. ಆಮೇಲೆ ಬಿದ್ದದ್ದು ನಮ್ಮದು. ಹೊರಗೆ ಹೋದದ್ದು ಎಲ್ಲಿಗೆ ಹೋಯಿತೆಂದು ಯಾರೂ ಕೇಳುವುದಿಲ್ಲ. ನಾನೂ ಕಂಬಳಿ ತುರುಕಿದೆ, ತೂತು ತೆರೆದೆ, ಕೈ ಒರೆಸಿಕೊಂಡೆ. ಆದರೆ ಮನಸ್ಸು ನಿಲ್ಲಲಿಲ್ಲ. ಒಳಗೆ ಹೋದೆ, ಹೊರಗೆ ಬಂದೆ, ತೂತಿನ ಹತ್ತಿರ ಬಗ್ಗಿ ಬೀದಿಯ ಇಳಿಜಾರು ನೋಡಿದೆ.

ಇಳಿಜಾರಿನ ಕೊನೆಗೆ ಶೆಲ್ಬಿಯಜ್ಜಿಯ ಮನೆ. ಅವಳ ಅಂಗಳದ ಮೋಟುಗೋಡೆ ಹೋದ ಚಳಿಗಾಲದಲ್ಲಿ ಬಿದ್ದಿತ್ತು, ಬೀದಿಯ ನೀರು ನೇರ ಅವಳ ತೊಟ್ಟಿಗೇ ನುಗ್ಗುತ್ತದೆ. ಧೂಳು, ಒಣಗಿದೆಲೆ ಆದರೆ ತಳಕ್ಕೆ ಕೂತುಕೊಳ್ಳುತ್ತದೆ. ಎಣ್ಣೆ ಎಲ್ಲಿ ಕೂರುತ್ತದೆ? ಅವಳಿಗೆ ಮೂತ್ರಪಿಂಡದಲ್ಲಿ ಕಲ್ಲು, ನಲ್ಲಿಯ ಉಪ್ಪುನೀರು ಮುಟ್ಟಬೇಡವೆಂದು ಡಾಕ್ಟರು ಹೇಳಿದ್ದಾರೆ. ಅವಳಿಗಿರುವುದು ಆ ತೊಟ್ಟಿಯೊಂದೇ.

ಓಡಿದೆ. ಅಜ್ಜಿ ಹೊಸ್ತಿಲಲ್ಲಿ ಕೂತು ಮೋಡ ನೋಡುತ್ತಿದ್ದಳು. ತೊಟ್ಟಿಯ ಬಾಯಿ ತೆರೆದೇ ಇತ್ತು.

"ಅಜ್ಜಿ, ತೊಟ್ಟಿ ಬಾಯಿ ಮುಚ್ಚಿ ಕೊಡ್ತೀನಿ. ಮೊದಲನೇ ಮಳೆ ಅಲ್ವಾ, ಕೆಳಗಿನ ತೋಪಿನ ಕಡೆ ಹರಿದುಹೋಗ್ಲಿ."

"ಬೇಡ ಕಣೇ ಸಾಲ್ಹಾ. ಹೋದ ವರ್ಷ ಬಂದಿದ್ದೇ ಎರಡು ಮಳೆ. ನಿನ್ನ ಮಾತು ಕೇಳಿ ಒಂದನ್ನ ಚೆಲ್ಲಿಬಿಟ್ಟೆ. ತಳದಲ್ಲಿ ನಾಲ್ಕು ಬಕೆಟ್ ಇಲ್ಲ ಈಗ. ಧೂಳಾದ್ರೆ ಧೂಳು, ಸೋಸ್ಕೊಂಡು ಕುಡೀತೀನಿ."

ಎಣ್ಣೆ ಅನ್ನುವ ಮಾತು ನಾಲಗೆಯ ತುದಿಯಲ್ಲಿತ್ತು. ಹೇಳಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ: ಪೊಲೀಸಿನ ಅಂಗಳದಲ್ಲಿ ಮೊಪೆಡ್ಡಿನ ಎಣ್ಣೆಯಂತೆ. ನಾಚಿಕೆಯಿಂದ ಧೂಳಿನ ಬಗ್ಗೆಯೇ ಇನ್ನಷ್ಟು ವಾದಿಸಿದೆ. ಅಜ್ಜಿ ಕಿವಿಗೆ ಹಾಕಿಕೊಳ್ಳಲಿಲ್ಲ. ಮೊದಲ ಹನಿಗಳು ನನ್ನ ತೋಳ ಮೇಲೆ ಬಿದ್ದವು.

ಮನೆಗೆ ಓಡಿ ಬರುವಷ್ಟರಲ್ಲಿ ಮಳೆ ಹಿಡಿದಿತ್ತು. ಅಂಗಳದ ನೀರಿನ ಮೇಲೆ ನೀಲಿ, ಕೆಂಪು ಬಣ್ಣ ಹೊಳೆಯುತ್ತ ಬೀದಿಯ ತೂತಿನ ಕಡೆ ಜರುಗುತ್ತಿತ್ತು. ಎರಡೂ ಬಾಯಿ ಮುಚ್ಚಿದರೆ ನೀರು ಹೊಸ್ತಿಲು ದಾಟಿ ಕಾಳಿನ ಚೀಲ, ಹಾಸಿಗೆಗಳಿಗೆ ಬರುತ್ತದೆ. ಒಂದನ್ನು ತೆರೆಯಲೇಬೇಕು. ನನ್ನ ತೊಟ್ಟಿಯಲ್ಲಿ ಇನ್ನೂ ಅರ್ಧ ವರ್ಷದ ನೀರಿತ್ತು, ಹನಿ ಹನಿ ಉಳಿಸಿದ್ದು. ನಾನು ಬೀದಿಯ ತೂತಿಗೆ ಮಣ್ಣು ಮೆತ್ತಿದೆ, ಕಂಬಳಿಯನ್ನು ಎಳೆದು ತೆಗೆದೆ.

ಸಾಸಿ ಅಳುವ ದನಿಯಲ್ಲಿ, "ಅತ್ತಿಗೆ, ನಮ್ಮ ನೀರು," ಅಂದ.

ಬಣ್ಣದ ನೀರು ಗುಡುಗುಡು ಸದ್ದು ಮಾಡುತ್ತ ನನ್ನ ತೊಟ್ಟಿಗೆ ಇಳಿಯಿತು, ನಿಂತು ನೋಡಿದೆ.

ಮರುದಿನ ಸೇದಿದ ಬಕೆಟ್ಟಿನಲ್ಲಿ ಗ್ಯಾರೇಜಿನ ವಾಸನೆ. ಚಹಾ ಕಾಸಲು ನೀರಿಲ್ಲ. ಮಡಕೆ ಹಿಡಿದು ಅಜ್ಜಿಯ ಮನೆಗೆ ಹೋದೆ, ಬೇರೆ ದಾರಿ ಇರಲಿಲ್ಲ. ಅವಳು ಖುಷಿಯಲ್ಲಿದ್ದಳು, ತೊಟ್ಟಿಗೆ ಮೊಣಕಾಲುದ್ದ ಬಂದಿತ್ತಂತೆ. ತುಂಬಿದ ತೊಟ್ಟಿಯವಳಿಗೆ ಇದೇನು ಮಡಕೆ ಎಂದು ನಕ್ಕಳು. ಈ ಸಲ ಹೇಳಿದೆ. ಎಣ್ಣೆ, ಸಾಸಿ, ತೂತು, ಕಂಬಳಿ, ಎಲ್ಲ.

ಅವಳು ನಗು ನಿಲ್ಲಿಸಿ ನನ್ನ ಮುಖ ನೋಡಿದಳು.

"ನಿನ್ನೆ ಇಲ್ಲಿಗೆ ಬಂದಾಗ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ಬಾಯಿ ಬಿಟ್ಟು ಎಣ್ಣೆ ಅಂದಿದ್ರೆ ನಾನೇ ಮುಚ್ತಿದ್ನಲ್ಲೇ. ನಿಂದೂ ಉಳೀತಿತ್ತು, ನಂದೂ ಉಳೀತಿತ್ತು."

ಆಮೇಲೆ ಅವಳು ನನ್ನ ಕೈಯಿಂದ ಮಡಕೆ ತೆಗೆದುಕೊಂಡು, ತೊಟ್ಟಿಯ ಹತ್ತಿರ ಕಷ್ಟಪಟ್ಟು ಬಗ್ಗಿ, ಸೇದತೊಡಗಿದಳು.