ಚಪ್ಪಟೆ ಬದಿ ಬಲಕ್ಕೆ

ರಿಪೇರಿ ಮೇಷ್ಟ್ರ ವೆಬ್‌ಸೈಟಿನಲ್ಲಿ ಕಾಮೆಂಟ್ ಪೆಟ್ಟಿಗೆ ತೆರೆದ ದಿನವೇ ಭೂಮಿಯ ಮೇಲಿನ ಜನರೆಲ್ಲ ಒಂದೊಂದು ಸಾಲು ಬರೆದರು. ಬರೆಯಲು ಬಾರದ ಹಸುಗೂಸುಗಳು ಹೆಬ್ಬೆಟ್ಟು ಒತ್ತಿದವು.

ಮೇಷ್ಟ್ರು ರಿಪೇರಿ ಮಾಡುವುದು ಹೊಲಿಗೆ ಮೆಷಿನ್. ಸತ್ತ ಮೆಷಿನ್ನೂ ಅವರ ಕೆಮ್ಮು ಕೇಳಿದರೆ ಎದ್ದು ಹೊಲಿಯುತ್ತದೆ. ತಮ್ಮ ವಿದ್ಯೆಯನ್ನೆಲ್ಲ ನಲವತ್ತು ಪುಟಗಳಲ್ಲಿ ಬರೆದು, ಒಂದೊಂದನ್ನೂ ಕೈಯಾರೆ ಕಟ್ಟಿ ನೆಟ್‌ಗೆ ಏರಿಸಿದ್ದರು. ಅದನ್ನು ಓದಬಹುದಿತ್ತು, ಅಷ್ಟೇ. ಓದಿದವರ ಮಾತನ್ನು ಇಟ್ಟುಕೊಳ್ಳಲು ಜಾಗವೇ ಇರಲಿಲ್ಲ.

"ಥೇಟ್ ನಿಮ್ಮ ಹಾಗೇ ಇದೆ ರೀ," ಎಂದಳು ಹೆಂಡತಿ, ಅಂಗಿಗೆ ಗುಂಡಿ ಹಚ್ಚುತ್ತ. "ಬರೀ ಬಾಯಿ. ಕಿವಿ ಇಲ್ಲ."

"ಕಿವಿ ತಾನೇ? ಆನೆ ಕಿವಿ ಇಡ್ತೀನಿ, ನೋಡ್ತಿರು!"

ಎಲ್ಲಿಂದಲೋ ತಂದು ಅಂಟಿಸಿದ ಮೊದಲ ಪೆಟ್ಟಿಗೆ ತನ್ನ ಜೊತೆ ಚಪ್ಪಲಿ ಜಾಹೀರಾತನ್ನೂ ಕರೆತಂದಿತು. ಕಿತ್ತೆಸೆದರು. ಎರಡನೆಯದು ಓದುಗರ ಜಾತಕವನ್ನೇ ಕೇಳುತ್ತಿತ್ತು. ಅದನ್ನೂ ಕಿತ್ತರು. ಹನ್ನೊಂದನೇ ದಿನ ತಮ್ಮದೇ ದಾರಿ ಹಿಡಿದರು: ಓದುಗರು ಬರೆದದ್ದು ಮೇಲ್‌ಗೆ ಬರಲಿ, ತಾವೇ ಓದಿ, ಪುಟದ ಕೆಳಗೆ ಸೇರಿಸಿ, ಪುಟವನ್ನು ಮತ್ತೆ ಏರಿಸುವುದು.

ಸಂಜೆಯೊಳಗೆ ಮೇಲ್ ಬಂತು, ಹೆಸರಿಲ್ಲದ್ದು. "ಸೂಜಿಯ ಚಪ್ಪಟೆ ಬದಿ ಎಡಕ್ಕೆ ಎಂದಿದ್ದೀರಿ. ಆ ಪುಟದಲ್ಲಿರುವ ಮೆಷಿನ್‌ಗೆ ಅದು ಬಲಕ್ಕೆ ಬರಬೇಕು. ನಿಮ್ಮನ್ನು ನಂಬಿ ಮೂರು ಸೂಜಿ ಮುರಿದೆ."

ಮೇಷ್ಟ್ರ ಮುಖ ಸಣ್ಣದಾಯಿತು. ಅಳಿಸಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ನಲವತ್ತು ಪುಟದ ಮರ್ಯಾದೆ ಉಳಿಯುತ್ತದೆ. ಆದರೆ ಆ ಪುಟ ನಂಬಿ ಇನ್ನೆಷ್ಟು ಜನ ಸೂಜಿ ಮುರಿದುಕೊಂಡಾರು? ಎದ್ದು ಹೋಗಿ ಮನೆಯಲ್ಲಿದ್ದ ಅಂಥದೇ ಮೆಷಿನ್ ಮುಂದೆ ಕೂತರು. ಎಡಕ್ಕೆ ಹಾಕಿದರು, ಟಕ್ ಎಂದು ಮುರಿಯಿತು. ಬಲಕ್ಕೆ ಹಾಕಿದರು, ಹೊಲಿಗೆ ಇರುವೆ ಸಾಲಿನಂತೆ ಸಾಗಿತು. ಹಲ್ಲು ಕಚ್ಚಿ ಆ ಕಾಮೆಂಟನ್ನು ಒಂದಕ್ಷರ ಬಿಡದೆ ಪುಟಕ್ಕೆ ಸೇರಿಸಿ, ಕೆಳಗೆ "ತಪ್ಪು ನನ್ನದೇ, ತಿದ್ದಿದ್ದೇನೆ" ಎಂದು ಬರೆದು ಏರಿಸಿದರು.

ಮರುದಿನ ಅಂಗಡಿಗೆ ಬಂದ ಪಕ್ಕದ ಬೀದಿಯ ಟೈಲರಮ್ಮ ಫೋನ್ ತಿಕ್ಕುತ್ತಾ ಕೇಳಿದಳು: "ಏನ್ ಮೇಷ್ಟ್ರೇ, ಭೂಮಿ ಮೇಲಿರೋರೆಲ್ಲ ಬರೆದಿದಾರೆ ಅಂದ್ರಿ? ಇಲ್ಲಿ ಒಂದೇ ಇದೆಯಲ್ಲ!"

ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಒಳಗಿನಿಂದ ಬಂದು, ಮುರಿದ ಮೂರು ಸೂಜಿಗಳನ್ನು ಮೇಜಿನ ಮೇಲಿಟ್ಟಳು.

"ನೀನಾ? ಬಾಯಲ್ಲಿ ಹೇಳಬಾರದಿತ್ತೇನೇ?"

"ಮೂರು ಸಲ ಹೇಳಿದೆ. ಕೇಳಿಸಿಕೊಂಡ್ರಾ?"

ಮೇಷ್ಟ್ರು ತಲೆ ಕೆರೆದುಕೊಂಡರು. "ಹೂಂ ಕಣಮ್ಮ, ಬಂದಿದ್ದು ಒಂದೇ," ಎಂದರು ಟೈಲರಮ್ಮನಿಗೆ. "ಅದೂ ಈ ಗೋಡೆ ಆಚೆಯಿಂದ. ಹಸುಗೂಸು, ಹೆಬ್ಬೆಟ್ಟು ಎಲ್ಲಾ ನಾನೇ ಸೇರಿಸಿದ್ದು."